ದೊಡ್ಡ ಮನೆಗೆ ಹಿಂಬಾಗಿಲಿಂದ ಹೋಗಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋಣ ಅಂತಿದ್ದೆ. ಆದರೆ ಹೋದ ಎಪಿಸೋಡಿಗೆ ಬಂದ ಒಂದು ಕಾಮೆಂಟು ನನ್ನ ನಿದ್ದೆ ಕೆಡಿಸಿದೆ. ಇಂಗ್ಲೆಂಡಿನ ಹಳ್ಳಿಗಾಡಿನ ಮಹಲುಗಳ ಬಗ್ಗೆ ಮಾಡಿದ್ದೆವಲ್ಲ, ಅದಕ್ಕೆ. "ಸರ್, ಅಂಥಾ ಹಾಲ್, ಅಂಥಾ ಚಿತ್ತಾರದ ಚಾವಣಿ ಬಿಟ್ಟು ಅಡುಗೆಮನೆ ತೋರಿಸ್ತೀರಲ್ಲ, ನಿಮಗೆ ಸ್ವಲ್ಪನಾದ್ರೂ ರಸಿಕತೆ ಇದೆಯಾ?" ಅದಕ್ಕೆ ಲೈಕು ಬೇರೆ. ನನ್ನ ವಿಡಿಯೋಗಿಂತ ಜಾಸ್ತಿ.

ಸರಿ ಸ್ವಾಮಿ, ರಸಿಕತೆ ಇಲ್ಲ. ಆದರೂ ನನ್ನ ಮಾತು ಇಷ್ಟೇ. ಆ ಮನೆಗಳನ್ನು ನೋಡಬೇಕಾದ್ದು ಹಿಂಬಾಗಿಲಿಂದ. ಮುಂಬಾಗಿಲಿಂದ ಹೋದರೆ ಮನೆಯವರು ಏನು ತೋರಿಸಬೇಕು ಅಂದುಕೊಂಡಿದ್ದರೋ ಅದನ್ನೇ ನೋಡಿ ಬರುತ್ತೀರಿ. ಮುನ್ನೂರು ವರ್ಷದ ಹಿಂದೆ ಹಾಕಿದ ಬಲೆಗೆ ಇವತ್ತು ಟಿಕೆಟ್ ಕೊಟ್ಟು ಬೀಳುವುದು ಯಾಕೆ?

ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್ ತೆಗೆದುಕೊಳ್ಳಿ. ಕರ್ಜನ್ ಮನೆತನದ್ದು. 1760ರ ದಶಕದಲ್ಲಿ ರಾಬರ್ಟ್ ಆಡಮ್ ಅನ್ನುವ ವಾಸ್ತುಶಿಲ್ಪಿ ಕೈ ಆಡಿಸಿದ ಮನೆ. ನಡುವಿನ ದೊಡ್ಡ ಭಾಗ ನೋಡಿದರೆ ಬಾಯಿ ತೆರೆದೇ ಇರುತ್ತದೆ, ಒಪ್ಪಿದೆ. ಆದರೆ ಅದು ಬಂದವರ ಮುಂದೆ ಮೆರೆಯುವುದಕ್ಕೆ. ಮನೆಯವರು ಇದ್ದದ್ದು ಒಂದು ಪಕ್ಕದ ಕಟ್ಟಡದಲ್ಲಿ. ಅಡುಗೆಮನೆ ಇನ್ನೊಂದು ಪಕ್ಕದಲ್ಲಿ. ಅಂದರೆ ಯಜಮಾನನೇ ದಿನಾ ಇರದ ಜಾಗವನ್ನು ನೀವು ಎರಡು ಗಂಟೆ ನೋಡಿ, ಫೋಟೋ ಹೊಡೆದು, "ಎಂಥಾ ಬದುಕು ಗುರು" ಅನ್ನುತ್ತೀರಿ!

ತಮಾಷೆ ಇನ್ನೂ ಇದೆ. ಇದೇ ನಕ್ಷೆ ಮುಂದಿಟ್ಟುಕೊಂಡು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್‌ಗೆ ಮನೆ ಕಟ್ಟಿದರು, 1799ರಿಂದ 1803ರವರೆಗೆ. ಅಲ್ಲಿ ಅಡುಗೆಮನೆ ಮನೆಯೊಳಗೇ ಇರಲಿಲ್ಲ. ಊಟ ಹೊರಗಿನಿಂದ ಹೊತ್ತು ತರಬೇಕು. ಆಮೇಲೆ 1899ರಲ್ಲಿ ವೈಸ್‌ರಾಯ್ ಆಗಿ ಬಂದವನು ಯಾರು? ಕೆಡಲ್‌ಸ್ಟನ್ನಿನಲ್ಲೇ ಹುಟ್ಟಿದ ಲಾರ್ಡ್ ಕರ್ಜನ್. ಊರಲ್ಲೂ ಅದೇ ಮನೆ, ಇಲ್ಲೂ ಅದೇ ಮನೆ. ಸಾರು ಎರಡೂ ಕಡೆ ದೂರದಿಂದಲೇ ಬರಬೇಕು.

ಸಸೆಕ್ಸ್‌ನ ಪೆಟ್‌ವರ್ತ್ ಹೌಸ್‌ನಲ್ಲಿ ಅಡುಗೆಮನೆ ಬೇರೆಯೇ ಕಟ್ಟಡ. ಅಲ್ಲಿಂದ ಊಟ ಮನೆ ಸೇರುವುದು ನೆಲದಡಿಯ ಸುರಂಗದಲ್ಲಿ. ಮೇಲೆ ಅಂಗಳ, ಕೆಳಗೆ ತಟ್ಟೆ ಹಿಡಿದು ಓಡುವ ಜನ. ಆ ಅಡುಗೆಮನೆಯಲ್ಲಿ ಇವತ್ತಿಗೂ ಸಾವಿರದಷ್ಟು ತಾಮ್ರದ ಪಾತ್ರೆಗಳಿವೆ. ಸಾವಿರ! ಉಜ್ಜಿದವರು ಯಾರು? ದೊಡ್ಡ ಮನೆಯ ಗೋಡೆಯ ಮೇಲೆ ಟರ್ನರ್ ಅನ್ನುವ ದೊಡ್ಡ ಕಲಾವಿದ ಬಿಡಿಸಿದ ಚಿತ್ರಗಳೂ ಇವೆ, ನೋಡಿ, ಬೇಡ ಅನ್ನಲ್ಲ. ಮೊದಲು ಪಾತ್ರೆ ನೋಡಿ.

ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಇನ್ನೂ ಚೆಂದ. 1881ರಲ್ಲಿ ಬೆಂಕಿ ಬಿದ್ದ ಮೇಲೆ ಹೊಸದಾಗಿ ಕಟ್ಟಿದ ಭಾಗದಲ್ಲಿ ಮೀನಿಗೆ ಒಂದು ಕೋಣೆ, ಮಾಂಸಕ್ಕೆ ಒಂದು ಕೋಣೆ, ಬ್ರೆಡ್ ಬೇಯಿಸಲು ಒಂದು, ಹಾಲು ಬೆಣ್ಣೆಗೆ ಒಂದು. ಹಾಲಿನ ಕೋಣೆಯಲ್ಲಿ ಗುಡ್ಡದಿಂದ ಬಂದ ತಣ್ಣೀರು ಕಲ್ಲಿನ ಕಾಲುವೆಯಲ್ಲಿ ಹರಿಯುತ್ತದೆ, ಪಾತ್ರೆಗಳು ತಂಪಾಗಿರಲಿ ಅಂತ. ಕರೆಂಟಿಲ್ಲದ ಫ್ರಿಜ್ ಸ್ವಾಮಿ! ಇದರ ಮುಂದೆ ನಿಮ್ಮ ಚಿನ್ನದ ಲೇಪದ ಕುರ್ಚಿ ಏನು ಮಹಾ?

ಇನ್ನು ಹಿಂದಿನ ಮೆಟ್ಟಿಲು. ಕೆಲಸದವರಿಗೇ ಬೇರೆ ಮೆಟ್ಟಿಲು. ಕಾರಣ ಸಿಂಪಲ್. ಮಲಗುವ ಕೋಣೆಯ ಮಲಮೂತ್ರದ ಪಾತ್ರೆ ದಿನಾ ಬೆಳಿಗ್ಗೆ ಕೆಳಗೆ ಇಳಿಯಬೇಕು, ಅಮ್ಮಾವ್ರು ಇಳಿಯುವ ಮೆಟ್ಟಿಲಲ್ಲೇ ಅದು ಎದುರಾಗಬಾರದು. ಆಮೇಲೆ ತಂತಿ ಎಳೆದರೆ ದೂರದಲ್ಲಿ ಗಂಟೆ ಹೊಡೆಯುವ ವ್ಯವಸ್ಥೆ ಬಂತು. ಅದಕ್ಕೆ ಮೊದಲು ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ನಿಂತಿರಬೇಕಿತ್ತು. ಗಂಟೆ ಬಂದಿದ್ದೇ ತಡ, ಕೆಲಸದವರನ್ನು ಇನ್ನೂ ದೂರ ತಳ್ಳಿದರು.

ಗಂಟೆ ಅಂದಾಗ ನೆನಪಾಯಿತು. ಬೆಲ್ ಐಕಾನ್ ಒತ್ತಿ. ನಾನು ಓಡಿ ಬರುತ್ತೇನೆ. ನಾನೂ ಕೆಲಸದವನೇ ಅಲ್ವಾ?

ಈಗ ಕೆಲವರು ಹೇಳುತ್ತಾರೆ, "ಆ ಉದ್ಯಾನ ನೋಡಿ, ಕೆರೆ ನೋಡಿ, ಎಷ್ಟು ಸಹಜ!" ಸಹಜನಾ? 18ನೇ ಶತಮಾನದಲ್ಲಿ ಕೇಪಬಿಲಿಟಿ ಬ್ರೌನ್ ಅನ್ನುವ ಮಹಾನುಭಾವ ಮಾಡಿಸಿದ ಆ ಕೆರೆಗಳನ್ನು ಗುದ್ದಲಿ ಹಿಡಿದು ತೋಡಿದವರು ಇದ್ದಾರೆ. ಹುಲ್ಲುಹಾಸಿನ ತುದಿಯಲ್ಲಿ ಕಣ್ಣಿಗೆ ಕಾಣದ ಕಂದಕ ಇರುತ್ತದೆ, ದನ ದೂರದಲ್ಲಿ ಚೆಂದ ಕಾಣಬೇಕು, ಹತ್ತಿರ ಬರಬಾರದು. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಅನ್ನುವವನಿಗೆ ಮನೆ ಪಕ್ಕದ ಊರೇ ಅಡ್ಡ ಬಂತು. ಊರನ್ನೇ ಎತ್ತಿಸಿ ಬೇರೆ ಕಡೆ ಮಿಲ್ಟನ್ ಅಬ್ಬಾಸ್ ಅಂತ ಹೊಸ ಹಳ್ಳಿ ಕಟ್ಟಿಸಿದ. ಈಗ ಆ ಹಳ್ಳಿಯನ್ನೂ ಜನ "ಅಯ್ಯೋ ಎಷ್ಟು ಮುದ್ದಾಗಿದೆ" ಅಂತ ನೋಡಲು ಹೋಗುತ್ತಾರೆ. ನಾನೇನು ಹೇಳಲಿ?

"ಕೆಲಸದವರು ಎಲ್ಲಾ ಕಾಲದಲ್ಲೂ ಇದ್ದರು, ಅದರಲ್ಲೇನಿದೆ?" ಅನ್ನುವವರೂ ಇದ್ದಾರೆ. ಇದೆ! 1777ರಲ್ಲಿ ಸರ್ಕಾರ ಮನೆಯ ಗಂಡಾಳುಗಳ ಮೇಲೆ ತೆರಿಗೆ ಹಾಕಿತು, ತಲೆಗೆ ಒಂದು ಗಿನಿ (ಆಗಿನ ಚಿನ್ನದ ನಾಣ್ಯ), ಅಮೆರಿಕದ ಯುದ್ಧದ ಖರ್ಚಿಗೆ. ಶ್ರೀಮಂತರು ಏನು ಮಾಡಿದರು? ಎತ್ತರದ ಹುಡುಗರನ್ನು ಹುಡುಕಿ, ಬಣ್ಣದ ಕೋಟು ತೊಡಿಸಿ, ಬಾಗಿಲಲ್ಲಿ ನಿಲ್ಲಿಸಿದರು. ತೆರಿಗೆ ಕಟ್ಟಿ ಮೆರೆದರು. ಆ ತೆರಿಗೆ ಹೋಗಿದ್ದು 1937ರಲ್ಲಿ. ಅಂದರೆ ಆಳೂ ಅಲಂಕಾರವೇ. ಇದು ಮುಂಬಾಗಿಲಲ್ಲಿ ಗೊತ್ತಾಗಲ್ಲ.

ಆಮೇಲೆ ಇತಿಹಾಸ ಪಂಡಿತರು ಬರುತ್ತಾರೆ. "ಈ ಮನೆಗಳು ಹಾಳಾಗಿದ್ದು 1894ರ ವಾರಸುದಾರಿಕೆ ತೆರಿಗೆಯಿಂದ, ಧಾನ್ಯದ ಬೆಲೆ ಬಿದ್ದದ್ದರಿಂದ." ಇರಬಹುದು. ಆದರೆ ತೆರಿಗೆ ಕಟ್ಟಲು ಒಂದು ಚಿತ್ರ ಮಾರಬಹುದು, ಒಂದಷ್ಟು ಜಮೀನು ಮಾರಬಹುದು. ಐವತ್ತು ಕೋಣೆಗೆ ಕಲ್ಲಿದ್ದಲು ಹೊರುವವರು ಯಾರು? ಎರಡು ಮಹಾಯುದ್ಧಗಳಲ್ಲಿ ಹುಡುಗರು ಯುದ್ಧಕ್ಕೆ, ಹುಡುಗಿಯರು ಫ್ಯಾಕ್ಟರಿಗೆ ಹೋದರು. ಸಂಬಳ ಜಾಸ್ತಿ, ರಜೆ ಉಂಟು, ಗಂಟೆಗೆ ಓಡಬೇಕಾಗಿಲ್ಲ. ಮತ್ತೆ ಯಾಕೆ ವಾಪಸ್ ಬರುತ್ತಾರೆ? ನೀವಾದರೆ ಬರುತ್ತಿದ್ದಿರಾ? 20ನೇ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಮಹಲುಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದರ ಮೇಲೆ ಪ್ರದರ್ಶನವನ್ನೇ ಮಾಡಿತು, ಜನ ಅತ್ತರಂತೆ. ಅಳಲಿ ಬಿಡಿ. ನನ್ನ ಲೆಕ್ಕ ಒಂದೇ. ಹಿಂಬಾಗಿಲು ಖಾಲಿಯಾಯಿತು, ಮುಂಬಾಗಿಲು ಬಿತ್ತು.

ಉಳಿದವರು ಟಿಕೆಟ್ ಮಾರಿದರು. ಲಾಂಗ್‌ಲೀಟ್ ಅನ್ನುವ ಮಹಲು 1949ರಲ್ಲಿ ಜನರಿಗೆ ಬಾಗಿಲು ತೆರೆಯಿತು. 1966ರಲ್ಲಿ ಸಿಂಹಗಳನ್ನೇ ತಂದು ಬಿಟ್ಟರು! ಮನೆತನದ ಗೌರವ ಉಳಿಸೋಕೆ ಸಿಂಹ ಬೇಕಾಯಿತು. ನಮ್ಮ ಚಾನೆಲ್‌ಗೂ ಒಂದು ತರೋಣವೇ? ಸ್ಪಾನ್ಸರ್ ಇದ್ದರೆ ಹೇಳಿ.

ಒಂದು ಮನೆಯವರು ಮಾತ್ರ ನನ್ನ ಪಕ್ಷ. ವೇಲ್ಸ್‌ನ ಎರ್ಡಿಗ್. ಅಲ್ಲಿನ ಯಾರ್ಕ್ ಮನೆತನದವರು 18ನೇ ಶತಮಾನದಿಂದಲೇ ತಮ್ಮ ಕೆಲಸದವರ ಚಿತ್ರ ಬರೆಸಿ, ಪದ್ಯ ಕಟ್ಟಿ, ಗೋಡೆಗೆ ಹಾಕಿದ್ದರು. 1973ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಕೈಗೆ, ಅಂದರೆ ಇಂಥ ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆಯ ಕೈಗೆ ಬಂತು. ಟ್ರಸ್ಟ್‌ನವರು ನೋಡಲು ಬಂದವರನ್ನು ಎಲ್ಲಿಂದ ಒಳಗೆ ಬಿಟ್ಟರು ಗೊತ್ತಾ? ಕೆಲಸದ ಅಂಗಳದಿಂದ, ಕೆಲಸದವರ ಕಡೆಯಿಂದ! ಹೇಳಿ, ಈಗ ಹೇಳಿ, ರಸಿಕತೆ ಯಾರಿಗಿಲ್ಲ?

"ಆದ್ರೂ ಸರ್, ಚಾವಣಿ..." ಆಯ್ತಪ್ಪಾ, ಚಾವಣಿ ನೋಡು. ಕತ್ತು ನೋಯಲಿ. ನಾನು ಹಿಂದಿನ ಬಾಗಿಲಲ್ಲೇ ಇರುತ್ತೇನೆ. ವಾದ ಬೇಡ, ಹಿಂಬಾಗಿಲು ಅಂದರೆ ಹಿಂಬಾಗಿಲು. ಕಾರಣ ಕೇಳಬೇಡಿ, ಹೇಳಿದ್ದೆಲ್ಲಾ ಮುಗಿಯಿತು.

ಮುಂದಿನ ವಾರ ವೇಲ್ಸ್‌ನದೇ ಪೋವಿಸ್ ಕ್ಯಾಸಲ್. ನಮ್ಮ ಟಿಪ್ಪು ಸುಲ್ತಾನನ ಡೇರೆ ಅಲ್ಲಿದೆ, ಸಿಂಹಾಸನದ ಒಂದು ಚಿನ್ನದ ಹುಲಿತಲೆಯೂ ಇದೆ. ಡೇರೆಯ ಚೆಂದ ಆಮೇಲೆ, ಮೊದಲು ಅದನ್ನು ಹೊತ್ತವರು, ಹೊಡೆದವರು, ಬಿಚ್ಚಿದವರು ಯಾರು ಅಂತಲೇ ಶುರು ಮಾಡುತ್ತೇನೆ. ಬೈಯುವವರು ಈಗಲೇ ಟೈಪ್ ಮಾಡಿಟ್ಟುಕೊಳ್ಳಿ. ಸಬ್‌ಸ್ಕ್ರೈಬ್ ಮಾಡಿ ಬೈಯಿರಿ.