ಆರು ವರ್ಷಗಳ ಲೆಕ್ಕ

ಮಾನ್ಯರೇ,

ತಡವಾಗಿ ಓದಿಗೆ ಕುಳಿತವರಿಗೆ ಎಲ್ಲರೂ ಹೇಳುವ ಸಮಾಧಾನದ ಮಾತೊಂದಿದೆ: ಕಲಿಕೆಗೆ ವಯಸ್ಸಿನ ಹಂಗಿಲ್ಲ. ಮಾತು ನಿಜವೇ, ಆದರೆ ಹಣಕಾಸನ್ನು ಓದಲು ಹೊರಟವರಿಗೆ ಅದು ಸಾಲದು. ಇಂದು ಕೈಯಲ್ಲಿರುವ ಹಣಕ್ಕೆ ನಾಳೆ ಬರುವ ಅಷ್ಟೇ ಹಣಕ್ಕಿಂತ ಹೆಚ್ಚು ಬೆಲೆಯಿದೆ ಎಂಬುದೇ ಈ ಶಾಸ್ತ್ರದ ಮೊದಲ ಪಾಠವಾಗಿರುವಾಗ, ಕಾಲಕ್ಕೆ ಬೆಲೆ ಕಟ್ಟುವುದನ್ನೇ ಕಸುಬಾಗಿಸಿಕೊಳ್ಳುವವನು ತಾನು ಕಳೆದ ಕಾಲಕ್ಕೆ ಮಾತ್ರ ಬೆಲೆಯಿಲ್ಲವೆಂದು ಹೇಳಿಕೊಂಡು ತಿರುಗಲಾಗದು. ನಾನು ಪದವಿಗೆ ಸೇರಿದ್ದು 24ನೆಯ ವಯಸ್ಸಿನಲ್ಲಿ, ಸಹಪಾಠಿಗಳಿಗಿಂತ ಆರು ವರ್ಷ ತಡವಾಗಿ. ಆ ಆರು ವರ್ಷಗಳ ಜಮಾ-ಖರ್ಚನ್ನು ಇಂದು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಖರ್ಚಿನ ಕಡೆಯಿಂದಲೇ ಆರಂಭಿಸುತ್ತೇನೆ. ಒಬ್ಬಳು 22ನೆಯ ವಯಸ್ಸಿನಿಂದ 60ರವರೆಗೆ ಪ್ರತಿ ವರ್ಷದ ಕೊನೆಗೆ ಒಂದು ಪಾಲು ಹಣ ಉಳಿಸುತ್ತಾಳೆ, ಅದು ಶೇಕಡಾ 8ರ ಚಕ್ರಬಡ್ಡಿಯಲ್ಲಿ ಬೆಳೆಯುತ್ತದೆ ಎಂದು ಇಟ್ಟುಕೊಳ್ಳೋಣ. 38 ಕಂತುಗಳು ಕೊನೆಗೆ ಸುಮಾರು 220 ಪಾಲಾಗುತ್ತವೆ. ಅದೇ ಉಳಿತಾಯವನ್ನು 28ರಲ್ಲಿ ಆರಂಭಿಸಿದವನ 32 ಕಂತುಗಳು ಸುಮಾರು 134 ಪಾಲಿಗೆ ನಿಲ್ಲುತ್ತವೆ. ಕಟ್ಟದೆ ಉಳಿದದ್ದು ಆರೇ ಕಂತು, ಕೈತಪ್ಪಿದ್ದು 86 ಪಾಲು, ಎಂದರೆ ಹೆಚ್ಚುಕಡಿಮೆ ಐದರಲ್ಲಿ ಎರಡು ಭಾಗ. ಅದನ್ನು ತುಂಬಿಕೊಳ್ಳಲು ಆತ ವರ್ಷಕ್ಕೆ ಒಂದರ ಬದಲು 1.64 ಪಾಲು ಉಳಿಸಬೇಕು, ಇಲ್ಲವೇ 66ರವರೆಗೆ ದುಡಿಯಬೇಕು. ಓದಿಗೆ ಮೊದಲಿನ ದುಡಿಮೆಯಲ್ಲಿ ಅಷ್ಟಿಷ್ಟು ಉಳಿಸಿದ್ದರೆ ಅಂತರ ಕಿರಿದಾಗುತ್ತದೆ, ನಿಜ. ನಾನು ಉಳಿಸಿರಲಿಲ್ಲ.

ಇನ್ನು ಜಮಾ ಕಡೆ. ಇಲ್ಲಿ 'ಅನುಭವ', 'ಪ್ರಬುದ್ಧತೆ' ಎಂಬ ದೊಡ್ಡ ಪದಗಳನ್ನು ಬರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಯಾವ ಅನುಭವ ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ನಾನು ಆ ಆರು ವರ್ಷ ಸಗಟು ಸರಕಿನ ಗೋದಾಮೊಂದರಲ್ಲಿ ಬಿಲ್ಲು ಬರೆಯುತ್ತಿದ್ದೆ. ಉದ್ರಿ ಖಾತೆಯ ಪುಸ್ತಕ ನನ್ನ ಕೈಯಲ್ಲಿತ್ತು: ಎಡಕ್ಕೆ ಗಿರಾಕಿಯ ಹೆಸರು, ನಡುವೆ ಬಾಕಿ ಮೊತ್ತ, ಬಲತುದಿಯಲ್ಲಿ ಎಷ್ಟು ದಿನವಾಯಿತೆಂಬ ಎಣಿಕೆ. 90 ದಿನ ದಾಟಿದ ಹೆಸರುಗಳ ಕೆಳಗೆ ಯಜಮಾನರು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದರು. ಒಂದೇ ಹೆಸರಿಗೆ ಮೂರು ಗೆರೆ ಬಿದ್ದರೆ ಆ ಹಣದ ಆಸೆ ಬಿಟ್ಟಂತೆಯೇ. ಮಾರಾಟ ಅತಿ ಹೆಚ್ಚಾದ ತಿಂಗಳಲ್ಲೇ ಕೂಲಿ ಬಟವಾಡೆಗೆ ಹಣವಿಲ್ಲದೆ ಅವರು ಬ್ಯಾಂಕಿನ ಮುಂದೆ ನಿಂತದ್ದನ್ನು ನಾನು ಕಂಡಿದ್ದೇನೆ.

ಎರಡನೆಯ ವರ್ಷದ ತರಗತಿಯಲ್ಲಿ ನಗದು ಹರಿವಿನ ಪಟ್ಟಿ ಬಂದಾಗ, ಲಾಭ ತೋರಿಸುವ ಕಂಪನಿಯ ಕೈಯಲ್ಲಿ ನಗದು ಏಕಿರುವುದಿಲ್ಲ ಎಂಬುದು ಸಹಪಾಠಿಗಳಿಗೆ ಒಗಟಾಗಿತ್ತು. ಉದ್ರಿ ಮಾರಾಟ ಬಿಲ್ಲು ಬರೆದ ದಿನವೇ ಆದಾಯವೆಂದು ಲೆಕ್ಕಕ್ಕೆ ಸೇರುತ್ತದೆ, ಹಣ ಬರುವುದು ಗಿರಾಕಿಗೆ ಮನಸ್ಸು ಬಂದಾಗ. ಈ ಎರಡರ ನಡುವಿನ ಸಂದಿನಲ್ಲಿಯೇ ಎಷ್ಟೋ ವ್ಯಾಪಾರಗಳು ಮುಳುಗುತ್ತವೆ ಎಂಬುದು ನನಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಆದರೆ ಅದೇ ಸಹಪಾಠಿಗಳು ಒಂದು ಸಂಜೆಯಲ್ಲಿ ಮುಗಿಸುತ್ತಿದ್ದ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ನನಗೆ ಮೂರು ಸಂಜೆ ಬೇಕಾಗುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಉದ್ಯೋಗದ ವಿಷಯದಲ್ಲಿ ತಡವಾಗಿ ಬಂದವರು ಸಾಮಾನ್ಯವಾಗಿ ಅಂಜಬೇಕಾದದ್ದಕ್ಕೆ ಅಂಜುವುದಿಲ್ಲ. ಹೊಸ ಪದವೀಧರರ ನೇಮಕದಲ್ಲಿ ದೊಡ್ಡ ಸಂಸ್ಥೆಗಳು ಮುಖ್ಯವಾಗಿ ನೋಡುವುದು ಪದವಿ ಮುಗಿಯುವ ವರ್ಷವನ್ನು, ಹುಟ್ಟಿದ ವರ್ಷವನ್ನಲ್ಲ. ಹೂಡಿಕೆ ಬ್ಯಾಂಕುಗಳಲ್ಲಿ ಕೊನೆಯ ವರ್ಷಕ್ಕೆ ಮುನ್ನಿನ ರಜೆಯ ಇಂಟರ್ನ್‌ಶಿಪ್ಪೇ ಕಾಯಂ ಕೆಲಸದ ಹೆಬ್ಬಾಗಿಲು. ಅದರ ಅರ್ಜಿಗಳು ಹಲವು ತಿಂಗಳು, ಕೆಲವೆಡೆ ವರ್ಷಕ್ಕೂ ಮೊದಲೇ ಮುಗಿದುಹೋಗುತ್ತವೆ. 'ಮೊದಲು ಓದಿಗೆ ಹೊಂದಿಕೊಳ್ಳೋಣ, ಆಮೇಲೆ ನೋಡೋಣ' ಎಂದು ಒಂದು ವರ್ಷ ಕಳೆದವರಿಗೆ ವಯಸ್ಸಿಗಿಂತ ಆ ವರ್ಷವೇ ಹೆಚ್ಚು ತೊಡಕಾಗುತ್ತದೆ. ಲೆಕ್ಕಪರಿಶೋಧನೆ, ಸಾಲದ ಪರಿಶೀಲನೆ, ಕುಟುಂಬಗಳಿಗೆ ಹಣಕಾಸಿನ ಸಲಹೆ, ಇಂಥ ಕಡೆ ಬಾಗಿಲು ಅಷ್ಟು ಕಿರಿದಲ್ಲ. ಹೂಡಿಕೆ ವಿಶ್ಲೇಷಕರ ಅಂತರರಾಷ್ಟ್ರೀಯ ವೃತ್ತಿ ಅರ್ಹತೆಯಾದ ಸಿಎಫ್‌ಎ ಪರೀಕ್ಷೆಗೂ ವಯಸ್ಸಿನ ಮಿತಿಯಿಲ್ಲ. ಮೂರು ಹಂತಗಳ ಜೊತೆಗೆ ಅದು ಕೇಳುವ 4,000 ಗಂಟೆಗಳ ಅನುಭವ ಮಾತ್ರ ಹೂಡಿಕೆಯ ನಿರ್ಧಾರಕ್ಕೆ ಸಂಬಂಧಿಸಿದ್ದಾಗಿರಬೇಕು, ಹಾಗಾಗಿ ನನ್ನ ಗೋದಾಮಿನ ವರ್ಷಗಳು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಇಂಥ ಸಭೆಗಳಲ್ಲಿ ಅಮೆರಿಕದ ಹೆಸರಾಂತ ಹೂಡಿಕೆದಾರ ಚಾರ್ಲಿ ಮಂಗರ್ ಅವರ ಹೆಸರು ಬಂದೇ ಬರುತ್ತದೆ. 1924ರಲ್ಲಿ ಹುಟ್ಟಿದ ಅವರು ವಕೀಲರಾಗಿದ್ದು, ಹೂಡಿಕೆಯ ಪಾಲುದಾರಿಕೆಯನ್ನು ಆರಂಭಿಸಿದ್ದು 1962ರಲ್ಲಿ. ಕೇಳಲು ಉತ್ಸಾಹ ಬರುತ್ತದೆ, ಆದರೆ ಹಾರ್ವರ್ಡ್‌ನ ಕಾನೂನು ಪದವಿಯನ್ನೂ ಹತ್ತಕ್ಕೂ ಹೆಚ್ಚು ವರ್ಷಗಳ ವಕೀಲಿಕೆಯನ್ನೂ ಬೆನ್ನಿಗಿಟ್ಟುಕೊಂಡು ಕಸುಬು ಬದಲಿಸಿದವರ ಕಥೆಯನ್ನು ಬರಿಗೈಯಲ್ಲಿ ಮೊದಲ ಪದವಿಗೆ ಸೇರಿದವನಿಗೆ ಹೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನನ್ನ ಮೊದಲ ಸಂದರ್ಶನ ಸಾಲ ಪರಿಶೀಲನಾ ವಿಭಾಗದ್ದು. ಎದುರಿಗಿದ್ದ ಅಧಿಕಾರಿ ನನಗಿಂತ ಮೂರು ವರ್ಷ ಚಿಕ್ಕವರು. ಆರು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದಾಗ, ಮನೆಯ ಪರಿಸ್ಥಿತಿ ಎಂದು ಆರಂಭಿಸಿದ ನಾನು ನಡುವೆಯೇ ನಿಲ್ಲಿಸಿ ಉದ್ರಿ ಪುಸ್ತಕದ ಬಗ್ಗೆ, ಪೆನ್ಸಿಲ್ ಗೆರೆಗಳ ಬಗ್ಗೆ ಹೇಳಿದೆ. ಅವರು ಮೇಜಿನ ಮೇಲಿದ್ದ ಒಂದು ಆಸ್ತಿ-ಹೊಣೆ ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, ಬರಬೇಕಾದ ಬಾಕಿಯ ಸಾಲಿನ ಮೇಲೆ ಬೆರಳಿಟ್ಟು, "ಇದರಲ್ಲಿ ನಿಜಕ್ಕೂ ಎಷ್ಟು ಬರುತ್ತದೆ, ಹೇಳಿ" ಎಂದರು. ಹೆಸರುವಾರು ಪಟ್ಟಿಯಿದೆಯೇ, ಯಾರದು ಎಷ್ಟು ದಿನದ ಬಾಕಿ ಎಂದು ನಾನು ಮರುಪ್ರಶ್ನೆ ಕೇಳಿದೆ. ಅವರು ಕಡತದ ಕೊನೆಯ ಹಾಳೆಯನ್ನು ಹುಡುಕತೊಡಗಿದರು.