ರೂಸ್‌ವೆಲ್ಟ್ ಕೇಳಿ ಪಡೆದದ್ದು, ಕೇಳದೆ ಮಾಡಿದ್ದು

ನಮಸ್ಕಾರ.

ಎರಡನೇ ಮಹಾಯುದ್ಧಕ್ಕೆ ಅಮೆರಿಕ ಯಾಕೆ ಬಂತು ಅಂತ ಯಾರನ್ನಾದರೂ ಕೇಳಿ ನೋಡಿ. ಪರ್ಲ್ ಹಾರ್ಬರ್ ಅನ್ನುತ್ತಾರೆ. 1941ರ ಡಿಸೆಂಬರ್ 7, ಭಾನುವಾರ ಬೆಳಿಗ್ಗೆ, ಜಪಾನಿನ ವಿಮಾನಗಳು ಹವಾಯಿಯ ನೌಕಾನೆಲೆಯ ಮೇಲೆ ಬಾಂಬ್ ಹಾಕಿದವು. 2,400ಕ್ಕೂ ಹೆಚ್ಚು ಜನ ಸತ್ತರು. ಮಾರನೇ ದಿನವೇ ಯುದ್ಧ ಘೋಷಣೆ. ಇಷ್ಟೇ ಕಥೆಯಾಗಿದ್ದರೆ ಈ ವಿಡಿಯೋ ಬೇಕಿರಲಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲೇ ಆ ದೇಶ ಒಂದೊಂದೇ ಹೆಜ್ಜೆ ಇಡುತ್ತಾ ಯುದ್ಧದ ಕಡೆ ಸರಿದಿತ್ತು. ಅದರಲ್ಲಿ ದೊಡ್ಡದೊಂದು ಹೆಜ್ಜೆಯನ್ನು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜನರ ಮುಂದೆ ಬಿಚ್ಚಿಟ್ಟು, ಕೇಳಿ ಇಟ್ಟರು. ಇನ್ನೊಂದನ್ನು ಅರ್ಧ ಸತ್ಯ ಹೇಳಿ ಇಟ್ಟರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ತಯಾರಿಲ್ಲ.

ಮೊದಲು ಯುದ್ಧ ಬೇಡ ಅಂದವರ ಮಾತು ಕೇಳೋಣ. ಅವರನ್ನು ಹೇಡಿಗಳು, ಸ್ವಾರ್ಥಿಗಳು ಅಂತ ತಳ್ಳಿಹಾಕುವುದು ಸುಲಭ. ಆದರೆ ಮೊದಲನೇ ಮಹಾಯುದ್ಧದಲ್ಲಿ ಸುಮಾರು 1,16,000 ಅಮೆರಿಕನ್ ಸೈನಿಕರು ಸತ್ತಿದ್ದರು. ಇದೊಂದು ಮುಗಿದರೆ ಮತ್ತೆ ಯುದ್ಧವೇ ಇರುವುದಿಲ್ಲ ಅಂತ ಅವರನ್ನು ಕಳಿಸಿದ್ದು. ಇಪ್ಪತ್ತು ವರ್ಷದಲ್ಲಿ ಯುರೋಪ್ ಮತ್ತೆ ಅಲ್ಲಿಗೇ ಬಂದು ನಿಂತಿತು. ಕೊಟ್ಟ ಸಾಲವೂ ಬಹುಪಾಲು ವಾಪಸ್ ಬರಲಿಲ್ಲ. 1934ರಲ್ಲಿ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ತನಿಖೆಗೆ ಕೂತು, ಆ ಯುದ್ಧದಲ್ಲಿ ಬ್ಯಾಂಕುಗಳೂ ಶಸ್ತ್ರ ಕಂಪನಿಗಳೂ ಹೇಗೆ ದುಡ್ಡು ಮಾಡಿಕೊಂಡವು ಅನ್ನುವುದನ್ನು ಜನರ ಮುಂದಿಟ್ಟಿತು. ಮಗನನ್ನು ಕಳೆದುಕೊಂಡ ಮನೆಯವರಿಗೆ ಅದನ್ನು ಓದಿ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಸಿಟ್ಟಿನಲ್ಲೇ 1935ರಲ್ಲಿ ತಟಸ್ಥ ನೀತಿಯ ಕಾನೂನು ಬಂತು. ಯುದ್ಧದಲ್ಲಿರುವ ಯಾವ ದೇಶಕ್ಕೂ ಅಮೆರಿಕ ಶಸ್ತ್ರ ಮಾರುವಂತಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಅದೇ ವರ್ಷ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಯಿತು. ಕಾನೂನಿನ ಪ್ರಕಾರ ಇಬ್ಬರಿಗೂ ಶಸ್ತ್ರ ಇಲ್ಲ. ಇಟಲಿಗೆ ತನ್ನದೇ ಶಸ್ತ್ರ ಕಾರ್ಖಾನೆಗಳಿದ್ದವು, ಇಥಿಯೋಪಿಯಾಕ್ಕೆ ಇರಲಿಲ್ಲ. ಪೆಟ್ರೋಲಿಯಂ ಆ ನಿಷೇಧದ ಪಟ್ಟಿಯಲ್ಲೇ ಇರಲಿಲ್ಲ, ಹಾಗಾಗಿ ಇಟಲಿಗೆ ಎಣ್ಣೆ ಹೋಗುತ್ತಲೇ ಇತ್ತು. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ನಿಯಮ ಮಾಡಿದರೆ ಲಾಭ ಯಾರಿಗೆ ಅನ್ನುವುದು ಅಲ್ಲೇ ಗೊತ್ತಾಯಿತು. ತಟಸ್ಥವಾದಿಗಳ ನೋವು ನನಗೆ ಅರ್ಥವಾಗುತ್ತದೆ. ಅವರ ಕಾನೂನನ್ನು ಮಾತ್ರ ಒಪ್ಪಲು ಆಗುವುದಿಲ್ಲ.

1939ರ ಸೆಪ್ಟೆಂಬರ್‌ನಲ್ಲಿ ಹಿಟ್ಲರ್ ಪೋಲೆಂಡಿಗೆ ನುಗ್ಗಿದ. ನವೆಂಬರ್‌ನಲ್ಲಿ ಅಮೆರಿಕ ಕಾನೂನನ್ನು ಸ್ವಲ್ಪ ಸಡಿಲಿಸಿತು: ಶಸ್ತ್ರ ಬೇಕಾದರೆ ನಗದು ಕೊಡಿ, ನಿಮ್ಮದೇ ಹಡಗಿನಲ್ಲಿ ಒಯ್ಯಿರಿ. 1940ರ ಜೂನ್‌ನಲ್ಲಿ ಪ್ಯಾರಿಸ್ ಬಿತ್ತು. ಸೆಪ್ಟೆಂಬರ್‌ನಲ್ಲಿ 50 ಹಳೇ ಯುದ್ಧನೌಕೆಗಳು ಬ್ರಿಟನ್ನಿಗೆ ಹೋದವು. ಅದೇ ತಿಂಗಳು, ದೇಶ ಯುದ್ಧದಲ್ಲಿ ಇಲ್ಲದಾಗಲೇ ಕಡ್ಡಾಯ ಸೇನಾ ಭರ್ತಿಯ ಕಾನೂನು ಬಂತು. ಅಮೆರಿಕದ ಇತಿಹಾಸದಲ್ಲೇ ಅದು ಮೊದಲ ಸಲ.

ಡಿಸೆಂಬರ್ ಹೊತ್ತಿಗೆ ಬ್ರಿಟನ್ನಿನ ಜೇಬು ಖಾಲಿಯಾಗುತ್ತಾ ಬಂದಿತ್ತು. ಚರ್ಚಿಲ್ ಉದ್ದದ ಪತ್ರ ಬರೆದು, ನಗದು ಕೊಡಲು ಆಗದ ದಿನ ಹತ್ತಿರ ಬರುತ್ತಿದೆ ಅಂದರು. ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ಮೇಲಿದ್ದ ರೂಸ್‌ವೆಲ್ಟರಿಗೆ ಆ ಪತ್ರವನ್ನು ಸಮುದ್ರ ವಿಮಾನದಲ್ಲಿ ತಲುಪಿಸಿದರು. ವಾಪಸ್ ಬಂದು ಡಿಸೆಂಬರ್ 17ರಂದು ಅವರು ಪತ್ರಕರ್ತರನ್ನು ಕರೆದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಅಂದುಕೊಳ್ಳಿ ಅಂದರು. ನನ್ನ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪ್ ಇದೆ. ಇದಕ್ಕೆ 15 ಡಾಲರ್ ಆಗಿತ್ತು, ಮೊದಲು ದುಡ್ಡು ಇಡಿ ಅಂತ ಕೇಳುತ್ತೇನಾ? ಬೆಂಕಿ ಆರಿದ ಮೇಲೆ ಪೈಪ್ ವಾಪಸ್ ಕೊಟ್ಟರೆ ಸಾಕು.

ಇದು ಬರೀ ಮಾತಿನ ಚಮತ್ಕಾರ ಅನ್ನುವವರಿದ್ದಾರೆ. ಟ್ಯಾಂಕು, ವಿಮಾನಗಳು ಪೈಪಿನ ಹಾಗೆ ವಾಪಸ್ ಬರುವ ವಸ್ತುಗಳಲ್ಲ, ನಿಜ. ಆದರೆ ಆಮೇಲೆ ನಡೆದದ್ದನ್ನು ನೋಡಿ. ಮೊದಲು ದುಡ್ಡು ಕೇಳದೆ ಶಸ್ತ್ರ ಕೊಡುವ ಲೆಂಡ್-ಲೀಸ್ ಅಂತ ಮಸೂದೆ ಬಂತು. ಎರಡು ತಿಂಗಳು ದೇಶವೆಲ್ಲ ಅದರದ್ದೇ ಜಗಳ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಸಂಸತ್ತಿನ ಸಮಿತಿಯ ಮುಂದೆ ಕೂತು ಇದು ಬೇಡ ಅಂದ. ಈ ಮಸೂದೆ ಅಮೆರಿಕದ ನಾಲ್ಕು ಹುಡುಗರಲ್ಲಿ ಒಬ್ಬನನ್ನು ಮಣ್ಣಿಗೆ ಹಾಕುತ್ತದೆ ಅಂದರು ಸೆನೆಟರ್ ಬರ್ಟನ್ ವೀಲರ್. ಎಲ್ಲರ ಬೈಗುಳವೂ ಮುಗಿದ ಮೇಲೆ ಮತ ಬಿತ್ತು: ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ 260ಕ್ಕೆ 165, ಮೇಲ್ಮನೆ ಸೆನೆಟ್‌ನಲ್ಲಿ 60ಕ್ಕೆ 31. 1941ರ ಮಾರ್ಚ್ 11ರಂದು ಕಾನೂನಾಯಿತು. ಅಮೆರಿಕ ತಟಸ್ಥವಾಗಿ ಉಳಿಯದೆ ಇದ್ದದ್ದು ನನ್ನ ಪ್ರಕಾರ ಅವತ್ತೇ. ಕೇಳಿಯೇ ಪಡೆದ ಒಪ್ಪಿಗೆ ಅದು.

ಹೀಗೆ ಕೇಳುವುದರ ಬೆಲೆ ನಮಗೆ ಚೆನ್ನಾಗಿ ಗೊತ್ತಿರಬೇಕು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಒಂದು ಘೋಷಣೆ ಹೊರಡಿಸಿದರು, ಭಾರತ ಯುದ್ಧದಲ್ಲಿತ್ತು. ಇಲ್ಲಿ ಆರಿಸಿ ಬಂದ ಒಬ್ಬರನ್ನೂ ಕೇಳಲಿಲ್ಲ. ಇದೇ ಕಾರಣಕ್ಕೆ ಪ್ರಾಂತಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೆಲ್ಲ ಸೇರಿದ್ದ ಮುಂಬಯಿ ಪ್ರಾಂತದ ಸರ್ಕಾರವೂ ಕೊಟ್ಟಿತು.

ಈಗ ಇನ್ನೊಂದು ಹೆಜ್ಜೆ. 1941ರ ಸೆಪ್ಟೆಂಬರ್ 4. ಅಮೆರಿಕದ ಯುದ್ಧನೌಕೆ ಗ್ರಿಯರ್, ಟಪಾಲು ಹೊತ್ತು ಐಸ್‌ಲ್ಯಾಂಡಿಗೆ ಹೊರಟಿತ್ತು. ಮುಂದೆ ಜರ್ಮನ್ ಸಬ್‌ಮರೀನ್ ಇದೆ ಅಂತ ಬ್ರಿಟಿಷ್ ವಿಮಾನವೊಂದು ಸುದ್ದಿ ಕೊಟ್ಟಿತು. ಗ್ರಿಯರ್ ಗಂಟೆಗಟ್ಟಲೆ ಆ ಸಬ್‌ಮರೀನಿನ ಬೆನ್ನು ಹತ್ತಿ, ಅದು ಎಲ್ಲಿದೆ ಅಂತ ಹೇಳುತ್ತಾ ಹೋಯಿತು. ವಿಮಾನ ನಾಲ್ಕು ಡೆಪ್ತ್ ಚಾರ್ಜ್, ಅಂದರೆ ನೀರಿನೊಳಗೆ ಸಿಡಿಯುವ ಬಾಂಬ್, ಹಾಕಿ ಹೊರಟುಹೋಯಿತು. ಆಮೇಲೆ ಸಬ್‌ಮರೀನ್ ಗ್ರಿಯರ್ ಕಡೆಗೆ ಟಾರ್ಪಿಡೊ ಬಿಟ್ಟಿತು. ತಾಗಲಿಲ್ಲ, ಯಾರೂ ಸಾಯಲಿಲ್ಲ.

ಒಂದು ವಾರದ ನಂತರ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿದರು. ಟಪಾಲು ಒಯ್ಯುತ್ತಿದ್ದ ನಮ್ಮ ಹಡಗಿನ ಮೇಲೆ ಜರ್ಮನ್ನರು ಎಚ್ಚರಿಕೆಯನ್ನೂ ಕೊಡದೆ ಮೊದಲು ದಾಳಿ ಮಾಡಿದರು, ಇದು ಕಡಲ್ಗಳ್ಳತನ ಅಂದರು. ಬೆನ್ನು ಹತ್ತಿದ್ದನ್ನು ಹೇಳಲಿಲ್ಲ. ಬ್ರಿಟಿಷ್ ವಿಮಾನದ ಡೆಪ್ತ್ ಚಾರ್ಜ್ ಬಗ್ಗೆಯೂ ಹೇಳಲಿಲ್ಲ. ಇನ್ನು ಮುಂದೆ ನಮ್ಮ ನೌಕಾಪಡೆ ಕಾಯುತ್ತಾ ಕೂರುವುದಿಲ್ಲ ಅಂತ ಸಾರಿದರು. ಅಟ್ಲಾಂಟಿಕ್‌ನಲ್ಲಿ ಯುದ್ಧ ಶುರುವಾದ ಹಾಗೆಯೇ ಆಯಿತು, ಮತ ಇಲ್ಲದೆ. ಪೂರ್ತಿ ವಿವರ ಸೆನೆಟ್‌ಗೆ ಸಿಕ್ಕಿದ್ದು ಆಮೇಲೆ, ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸ್ಟಾರ್ಕ್ ಬರೆದುಕೊಟ್ಟ ವರದಿಯಿಂದ.

ಹಿಟ್ಲರ್ ಎದುರು ಅಮೆರಿಕ ನಿಲ್ಲಲೇಬೇಕಿತ್ತು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಗುರಿ ಸರಿ ಇದ್ದರೆ ಇಷ್ಟು ಮುಚ್ಚಿಟ್ಟರೆ ಏನಾಯಿತು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. 1964ರಲ್ಲಿ ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಗಳ ಮೇಲೆ ದಾಳಿಯಾಯಿತು ಅನ್ನುವ ಘಟನೆಯನ್ನು ಅಧ್ಯಕ್ಷ ಜಾನ್ಸನ್ ಹೀಗೇ ಅರ್ಧಂಬರ್ಧ ಹೇಳಿ, ವಿಯೆಟ್ನಾಂ ಯುದ್ಧಕ್ಕೆ ಸಂಸತ್ತಿನಿಂದ ಕೈಬಿಚ್ಚಿ ಅಧಿಕಾರ ಪಡೆದರು. ಒಳ್ಳೇ ಕೆಲಸಕ್ಕೆ ರೂಸ್‌ವೆಲ್ಟ್ ಮಾಡಿದ ಮೋಸ, ಕೆಟ್ಟ ಕೆಲಸಕ್ಕೆ ಜಾನ್ಸನ್‌ರ ಹಾದಿ ಸುಗಮ ಮಾಡಿತು ಅನ್ನುವ ಅರ್ಥದ ಮಾತನ್ನು ಸೆನೆಟರ್ ಫುಲ್‌ಬ್ರೈಟ್ ಮುಂದೆ ಹೇಳಿದರು. ಜಾನ್ಸನ್‌ಗೆ ಆ ಅಧಿಕಾರ ಕೊಟ್ಟ ಟೊಂಕಿನ್ ನಿರ್ಣಯವನ್ನು ಸೆನೆಟ್‌ನಲ್ಲಿ ಮುಂದೆ ನಿಂತು ಪಾಸು ಮಾಡಿಸಿದ್ದವರೇ ಅವರು.

ಇಷ್ಟಕ್ಕೂ ಮುಚ್ಚಿಟ್ಟು ಸಿಕ್ಕಿದ್ದಾದರೂ ಏನು? 1941ರ ನವೆಂಬರ್‌ನಲ್ಲಿ ತಟಸ್ಥ ಕಾನೂನನ್ನು ಇನ್ನಷ್ಟು ಸಡಿಲಿಸುವ ಮಸೂದೆ ಬಂದಾಗ ಹೌಸ್‌ನಲ್ಲಿ 212ಕ್ಕೆ 194 ಮತ. ಮಾರ್ಚ್‌ನಲ್ಲಿ ಲೆಂಡ್-ಲೀಸ್‌ಗೆ ಸಿಕ್ಕ ಬಹುಮತಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಡಿಸೆಂಬರ್ 8ರಂದೂ ರೂಸ್‌ವೆಲ್ಟ್ ಸಂಸತ್ತನ್ನು ಕೇಳಿದ್ದು ಜಪಾನ್ ಮೇಲಿನ ಯುದ್ಧಕ್ಕೆ ಒಪ್ಪಿಗೆ ಮಾತ್ರ. ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಒಬ್ಬರು ಬಿಟ್ಟು ಮತ ಹಾಕಿದ ಎಲ್ಲರೂ ಹೂಂ ಅಂದರು. ಜರ್ಮನಿಯ ಹೆಸರು ಎತ್ತುವ ಧೈರ್ಯ ಅವತ್ತೂ ರೂಸ್‌ವೆಲ್ಟರಿಗೆ ಇರಲಿಲ್ಲ. ಡಿಸೆಂಬರ್ 11ರಂದು ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿದ ಮೇಲಷ್ಟೇ ಅಮೆರಿಕ ಅವನ ಮೇಲೆ ಯುದ್ಧ ಸಾರಿತು.