ಬಾನ್ ಸ್ಕಾಟ್ ತೋಳಿನ ಕೆಳಗೆ ಬ್ಯಾಗ್‌ಪೈಪ್ ಯಾಕಿದೆ?

[ಪರದೆ ಮೇಲೆ: ಕಾರ್ ಪಾರ್ಕಿಂಗ್ ಜಾಗ, ಪಕ್ಕದಲ್ಲಿ ಕಂಚಿನ ಪ್ರತಿಮೆ]

ನಮಸ್ಕಾರ. ಈ ಪ್ರತಿಮೆ ನೋಡಿ. ಒಂದು ಕೈಯಲ್ಲಿ ಮೈಕ್ ಇದೆ. ಅದು ಸರಿ, ರಾಕ್ ಗಾಯಕ ಅಂದಮೇಲೆ ಮೈಕ್ ಇರಲೇಬೇಕು. ಇನ್ನೊಂದು ತೋಳಿನ ಕೆಳಗೆ ಏನಿದೆ ನೋಡಿ. ಬ್ಯಾಗ್‌ಪೈಪ್! ಆಸ್ಟ್ರೇಲಿಯಾದ ಎಸಿ/ಡಿಸಿಯಂಥ ಅಬ್ಬರದ ರಾಕ್ ಬ್ಯಾಂಡಿನಲ್ಲಿ ಹಾಡಿದ ಬಾನ್‌ಗೆ ಇದು ಎಲ್ಲಿಂದ ಬಂತು? ಸ್ಕಾಟ್ಲೆಂಡಿನ ಗುರುತಿಗೆ ಸುಮ್ನೆ ಇಟ್ಟಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೊಂದು ಒಳ್ಳೆಯ ಕಥೆಯೇ ಇದೆ.

ಈ ಪ್ರತಿಮೆ ಇರುವ ಊರಿನ ಹೆಸರು ಕಿರಿಮ್ಯೂರ್. ಸ್ಕಾಟ್ಲೆಂಡಿನ ಆಂಗಸ್ ಪ್ರಾಂತ್ಯದಲ್ಲಿದೆ (ಬ್ಯಾಂಡಿನ ಗಿಟಾರಿಸ್ಟ್ ಹೆಸರೂ ಆಂಗಸ್ ಯಂಗ್, ಎಂಥ ಕಾಕತಾಳೀಯ ಅಲ್ವಾ!). ಇಲ್ಲಿನವರು ತಮ್ಮ ಊರನ್ನು ಬರೀ 'ಕಿರಿ' ಅಂತ ಕರೆಯುತ್ತಾರೆ. ಕನ್ನಡದವರ ಕಿವಿಗೆ ಇದಕ್ಕಿಂತ ಹೊಂದುವ ಹೆಸರು ಬೇರೆ ಸಿಗಲಾರದು, ಊರು ನಿಜಕ್ಕೂ ಅಷ್ಟು ಕಿರಿದು. ಕೆಂಪು ಕಲ್ಲಿನ ಮನೆಗಳು, ಇಕ್ಕಟ್ಟಾದ ಏರುಬೀದಿಗಳು. ರೈಲು ಇಲ್ಲ. ಡಂಡೀವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ ಹಿಡಿಯಬೇಕು. ಬಹಳ ಕಾಲ ಇದು ಪೀಟರ್ ಪ್ಯಾನ್ ಬರೆದ ಜೆ. ಎಂ. ಬ್ಯಾರಿ ಹುಟ್ಟಿದ ಊರು ಅಂತಲೇ ಹೆಸರಾಗಿತ್ತು.

[ಪರದೆ ಮೇಲೆ: ಊರಿನ ಬೀದಿ]

ಬಾನ್ ಹುಟ್ಟಿದ್ದು 1946ರ ಜುಲೈ 9ರಂದು, ಪಕ್ಕದ ಫಾರ್ಫರ್‌ನಲ್ಲಿ. ಬೆಳೆದದ್ದು ಕಿರಿಮ್ಯೂರ್‌ನಲ್ಲಿ. ಮನೆಯವರದು ಇದೇ ಊರಲ್ಲಿ ಬೇಕರಿ. ಅಪ್ಪ ಅಲ್ಲಿ ಬ್ರೆಡ್ ಸುಡುತ್ತಿದ್ದರು, ಜೊತೆಗೆ ಊರಿನ ಪೈಪ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದರು. ಪೈಪ್ ಬ್ಯಾಂಡ್ ಅಂದರೆ ಗೊತ್ತಲ್ವಾ, ಒಂದಷ್ಟು ಜನ ತಿತ್ತಿಗೆ ಗಾಳಿ ಊದಿ ಬ್ಯಾಗ್‌ಪೈಪ್ ನುಡಿಸುತ್ತಾರೆ, ಅವರ ಹೆಜ್ಜೆಗೆ ಸರಿಯಾಗಿ ಡ್ರಮ್ಮಿನವರು ತಾಳ ಹಾಕುತ್ತಾರೆ, ಊರೇ ಬೀದಿಗೆ ಬಂದು ನಿಲ್ಲುತ್ತದೆ. ಆ ಹುಡುಗ ಮನೆಯಲ್ಲೇ ಕೇಳಿದ ಮೊದಲ ಡ್ರಮ್ಮು ಇದು.

1952ರಲ್ಲಿ ಇಡೀ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟುಹೋಯಿತು. ಆಗ ಅವನಿಗೆ ಆರು ವರ್ಷ. ಅಂದರೆ ಈ ಊರಿಗೂ ಅವನಿಗೂ ಇದ್ದ ನಂಟು ಅಷ್ಟೇ ವರ್ಷದ್ದು. ಹಾಗಾದರೆ ಇಲ್ಲಿ ಪ್ರತಿಮೆ ಯಾಕೆ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಹೆಸರಿನಿಂದಲೇ ಶುರು ಮಾಡೋಣ. ಅವನ ನಿಜವಾದ ಹೆಸರು ರೊನಾಲ್ಡ್. ಮೆಲ್ಬರ್ನ್‌ನ ಶಾಲೆಯಲ್ಲಿ ಸ್ಕಾಟ್ಲೆಂಡಿನ ಮಾತಿನ ಧಾಟಿ ಕೇಳಿದ ಮಕ್ಕಳು 'ಬಾನೀ ಸ್ಕಾಟ್ಲೆಂಡ್' (ಚೆಲುವಾದ ಸ್ಕಾಟ್ಲೆಂಡ್) ಅನ್ನುವ ಮಾತಿನಿಂದ 'ಬಾನ್' ಅಂತ ಕರೆಯತೊಡಗಿದರು. ಬಿಟ್ಟುಬಂದ ನಾಡೇ ಅವನ ಹೆಸರಾಯಿತು! ಮುಂದೆ ಮನೆ ಆಸ್ಟ್ರೇಲಿಯಾದ ಪಶ್ಚಿಮ ತೀರದ ಫ್ರೀಮ್ಯಾಂಟಲ್‌ಗೆ ಬದಲಾಯಿತು. ಅಲ್ಲೂ ಒಂದು ಸ್ಕಾಟಿಷ್ ಪೈಪ್ ಬ್ಯಾಂಡ್ ಇತ್ತು. ಅಪ್ಪ ಸೇರಿದರು, ಮಗನೂ ಡ್ರಮ್ಮಿಗೆ ಸೇರಿದ.

ಈಗ ಬ್ಯಾಗ್‌ಪೈಪ್ ವಿಷಯಕ್ಕೆ ಬರೋಣ. 1975ರಲ್ಲಿ ಎಸಿ/ಡಿಸಿ 'ಇಟ್ಸ್ ಎ ಲಾಂಗ್ ವೇ ಟು ದ ಟಾಪ್' ಹಾಡು ರೆಕಾರ್ಡ್ ಮಾಡುತ್ತಿತ್ತು. ನಿರ್ಮಾಪಕ ಜಾರ್ಜ್ ಯಂಗ್‌ಗೆ ಬಾನ್ ಪೈಪ್ ಬ್ಯಾಂಡಿನಲ್ಲಿದ್ದ ವಿಷಯ ಗೊತ್ತಿತ್ತು, ಹಾಗಾದರೆ ಹಾಡಿಗೆ ಬ್ಯಾಗ್‌ಪೈಪ್ ಹಾಕೋಣ ಅಂದರು. ಆದರೆ ಬಾನ್ ಅಲ್ಲಿ ಬಾರಿಸುತ್ತಿದ್ದದ್ದು ಡ್ರಮ್ಮು, ಪೈಪ್ ಊದಿದವನೇ ಅಲ್ಲ! ಆದರೂ ಹಿಂದೆ ಸರಿಯಲಿಲ್ಲ, ಕಲಿತು ನುಡಿಸಿದ. ಗಿಟಾರಿಗೂ ಬ್ಯಾಗ್‌ಪೈಪಿಗೂ ಜುಗಲ್‌ಬಂದಿ ನಡೆದ ಹಾಗೆ ಇರುವ ಆ ಭಾಗವನ್ನು ನಾನು ಎಷ್ಟು ಸಲ ಕೇಳಿದರೂ ಮೈ ಜುಮ್ ಅನ್ನುತ್ತದೆ. 1976ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಬೀದಿಯಲ್ಲಿ ತೆರೆದ ಲಾರಿ ಮೇಲೆ ನಿಂತು ಇದೇ ಹಾಡಿನ ವಿಡಿಯೋ ಮಾಡಿದರು, ಪಕ್ಕದಲ್ಲಿ ಪೈಪ್ ಊದುವವರನ್ನೂ ನಿಲ್ಲಿಸಿಕೊಂಡು.

1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ ಬಾನ್ ತೀರಿಕೊಂಡ. ವಿಪರೀತ ಕುಡಿತ. 33 ವರ್ಷ ಅಷ್ಟೇ. ಅವನ ನಂತರ ಬ್ಯಾಂಡಿಗೆ ಬಂದ ಗಾಯಕ ಬ್ರಿಯಾನ್ ಜಾನ್ಸನ್ ಅವನ ಮೇಲಿನ ಗೌರವದಿಂದ ಈ ಹಾಡನ್ನು ವೇದಿಕೆ ಮೇಲೆ ಹಾಡುವುದಿಲ್ಲ. ಒಳ್ಳೆಯ ನಿರ್ಧಾರ ಅಂತ ನನ್ನ ಅನಿಸಿಕೆ.

[ಪರದೆ ಮೇಲೆ: ಪ್ರತಿಮೆ, ಹತ್ತಿರದಿಂದ]

ಸಮಾಧಿ ಇರುವುದು ಫ್ರೀಮ್ಯಾಂಟಲ್‌ನಲ್ಲಿ, ಅಲ್ಲೂ ಅವನ ಪ್ರತಿಮೆ ಇದೆ. ಕಿರಿಮ್ಯೂರ್‌ನ ಈ ಪ್ರತಿಮೆ ಮಾಡಿದವರು ಶಿಲ್ಪಿ ಜಾನ್ ಮೆಕೆನ್ನಾ. 2016ರಲ್ಲಿ ಇದರ ಪರದೆ ಸರಿಸಿದರು. ಹಣ ಕೂಡಿಸಿದವರು ಅಭಿಮಾನಿಗಳು. ಪ್ರತಿ ವರ್ಷ ಮೇ ಶುರುವಿನ ಹೊತ್ತಿಗೆ ಇಲ್ಲಿ ಬಾನ್‌ಫೆಸ್ಟ್ ನಡೆಯುತ್ತದೆ, ಬೇರೆ ಬೇರೆ ದೇಶದವರು ಬರುತ್ತಾರೆ, ರೂಮು ಸಿಗುವುದು ಕಷ್ಟ. ನಿಮಗೆ ಗದ್ದಲ ಬೇಡವಾದರೆ ಬೇರೆ ದಿನ ಬನ್ನಿ.

ಬರುವಾಗ ಇಯರ್‌ಫೋನ್ ಮರೆಯಬೇಡಿ. ಪ್ರತಿಮೆ ಎದುರು ನಿಂತು ಆ ಹಾಡು ಹಾಕಿ, ಪೈಪ್ ಶುರುವಾದಾಗ ಅವನ ತೋಳಿನ ಕೆಳಗೆ ನೋಡಿ. ಆಮೇಲೆ ಅವನ ಅಪ್ಪ ಡ್ರಮ್ ಬಾರಿಸುತ್ತಾ ನಡೆದ ಊರಿನ ಬೀದಿಗಳ ಕಡೆ ಹತ್ತಿ ಹೋಗಿ. ಇಳಿದು ಬಂದು ಬಸ್ ಹಿಡಿಯೋಕೆ ಟೈಮ್ ಜಾಸ್ತಿ ಇಟ್ಟುಕೊಳ್ಳಿ.